ಅಣಕು ಪ್ರಚಾರ ಸಭೆ: ಸೇಬಿನ ಹಾರದಿಂದ ಠೇವಣಿಯವರೆಗೆ

ಚುನಾವಣೆ ಬಂತೆಂದರೆ ಮಂಡ್ಯವಾಗಲಿ ಮೈಸೂರಾಗಲಿ, ಕಾಲೇಜು ಕ್ಯಾಂಟೀನಿನ ಒಂದೊಂದು ಟೇಬಲ್ಲೂ ಒಂದೊಂದು ಟಿವಿ ಚಾನೆಲ್ಲು. ಅಲ್ಲಿ ಹುಟ್ಟುವ ಗೇಲಿ ಟೀ ಆರುವಷ್ಟರಲ್ಲಿ ಸತ್ತುಹೋಗುತ್ತದೆ. ಅದನ್ನು ಇಪ್ಪತ್ತು ನಿಮಿಷ ಹಿಡಿದು ನಿಲ್ಲಿಸಿ ಇನ್ನೂರು ಜನರ ಮುಂದೆ ಆಡಿಸಬೇಕೆಂದರೆ ಅಣಕು ಪ್ರಚಾರ ಸಭೆಗಿಂತ ಒಗ್ಗುವ ರೂಪ ಇನ್ನೊಂದಿಲ್ಲ. ನಿಜವಾದ ಪ್ರಚಾರ ಸಭೆ ಹೇಗೂ ಅರ್ಧ ನಾಟಕವೇ. ಉಳಿದರ್ಧ ನೀವು ಬರೆದುಕೊಂಡರೆ ಆಯಿತು.

ಮೊದಲು ದಿನಾಂಕ. ನಾಮಪತ್ರ ಹಿಂತೆಗೆದುಕೊಳ್ಳುವ ಕೊನೆಯ ದಿನ ಮುಗಿಯುವ ತನಕ ಕಾಯಿರಿ. ಅಲ್ಲಿಯವರೆಗೆ ಯಾರು ಕಣದಲ್ಲಿ ಉಳಿಯುತ್ತಾರೆ, ಯಾವ ಬಂಡಾಯಗಾರ ತಣ್ಣಗಾಗುತ್ತಾನೆ ಎನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ನಿಮ್ಮ ಅರ್ಧ ಸಂಭಾಷಣೆ ರಾತ್ರೋರಾತ್ರಿ ಹಳಸುತ್ತದೆ. 2024ರ ಲೋಕಸಭೆ ಚುನಾವಣೆಯಲ್ಲಿ ಮೈಸೂರು, ಮಂಡ್ಯ ಎರಡಕ್ಕೂ ಹಿಂತೆಗೆತದ ಕೊನೆ ದಿನ ಏಪ್ರಿಲ್ 8, ಮತದಾನ ಏಪ್ರಿಲ್ 26. ಅಂದರೆ ಸಿಗುವುದು ಎರಡು ವಾರ ಚಿಲ್ಲರೆ. ಅದರಲ್ಲೂ ಕೊನೆಯ ಎರಡು ದಿನ ನಿಮ್ಮದಲ್ಲ. ಪ್ರಜಾಪ್ರತಿನಿಧಿ ಕಾಯ್ದೆ 1951ರ 126ನೇ ಸೆಕ್ಷನ್ನು ಮತದಾನ ಮುಗಿಯುವ ಗಳಿಗೆಗೆ 48 ಗಂಟೆ ಮುಂಚಿನಿಂದ ಪ್ರಚಾರ ಸಭೆಗಳನ್ನಷ್ಟೇ ಅಲ್ಲ, ಸಂಗೀತ, ನಾಟಕ, ಮನರಂಜನೆ ಇಟ್ಟು ಜನ ಸೇರಿಸಿ ಚುನಾವಣೆ ವಿಷಯ ಹೇಳುವುದನ್ನೂ ಹೆಸರು ಹಿಡಿದೇ ನಿಷೇಧಿಸುತ್ತದೆ. ಶಿಕ್ಷೆ ಎರಡು ವರ್ಷದವರೆಗೆ ಇದೆ. ಮತದಾನ ಸಂಜೆ 6ಕ್ಕೆ ಮುಗಿಯುವುದಾದರೆ ಎರಡು ದಿನ ಹಿಂದಿನ ಸಂಜೆ 6ಕ್ಕೆ ನಿಮ್ಮ ಅಂಗಡಿ ಬಾಗಿಲು ಹಾಕಿರಬೇಕು. ವಾರ ಮುಂಚೆ ಆಡಿದರೆ ಎಲ್ಲಕ್ಕೂ ಕ್ಷೇಮ. ಮಸ್ಟರಿಂಗ್ (ಮತಗಟ್ಟೆ ಸಿಬ್ಬಂದಿಯನ್ನು ಸೇರಿಸಿ, ಯಂತ್ರ ಕೊಟ್ಟು ಕಳಿಸುವುದು), ಮತ ಎಣಿಕೆ ಅಂತ ಕಾಲೇಜು ಕಟ್ಟಡಗಳನ್ನೇ ತೆಗೆದುಕೊಳ್ಳುತ್ತಾರೆ, ಮೇಷ್ಟ್ರುಗಳಿಗೆಲ್ಲ ಎಲೆಕ್ಷನ್ ಡ್ಯೂಟಿ ಬಿದ್ದಿರುತ್ತದೆ. ಕೊನೇ ವಾರಕ್ಕೆ ಇಟ್ಟುಕೊಂಡರೆ ಅನುಮತಿಗೆ ಸಹಿ ಹಾಕುವವರೇ ಸಿಗುವುದಿಲ್ಲ.

ಏಳು ಜನ ಸಾಕು

ಅಭ್ಯರ್ಥಿ, ನಿರೂಪಕ, ಜೈಕಾರದವನು, ಟಿಕೆಟ್ ತಪ್ಪಿದ ಬಂಡಾಯಗಾರ, ಟಿವಿ ವರದಿಗಾರ್ತಿ, ಕ್ಯಾಮೆರಾ ಹಿಡಿದ ಚುನಾವಣಾ ಸಿಬ್ಬಂದಿ, ಒಬ್ಬ ಅಜ್ಜಿ. ಎಂಟನೆಯವರನ್ನು ಸೇರಿಸಿದರೆ ವೇದಿಕೆ ಮೇಲೆ ನಿಂತು ಮೊಬೈಲ್ ನೋಡುವವರು ಹುಟ್ಟಿಕೊಳ್ಳುತ್ತಾರೆ. (ನಿಜವಾದ ಸಭೆಯಲ್ಲೂ ಇರುತ್ತಾರೆ, ಆದರೆ ಅಲ್ಲಿ ಅವರಿಗೆ ಸಂಬಳ.)

ಚೆನ್ನಾಗಿ ಮಿಮಿಕ್ರಿ ಮಾಡುವ ಹುಡುಗನಿಗೆ ಅಭ್ಯರ್ಥಿ ಪಾತ್ರ ಕೊಡುವುದು ಎಲ್ಲರೂ ಮಾಡುವ ತಪ್ಪು. ಅವನು ಎರಡನೇ ನಿಮಿಷಕ್ಕೆ ಯಾರೋ ನಿಜವಾದ ನಾಯಕರ ದನಿಗೆ ಇಳಿಯುತ್ತಾನೆ. ಅರ್ಧ ಸಭೆ ಶಿಳ್ಳೆ ಹೊಡೆಯುತ್ತದೆ, ಇನ್ನರ್ಧ ಮುಖ ಗಂಟು ಹಾಕಿಕೊಳ್ಳುತ್ತದೆ, ನಿಮ್ಮ ವಿಷಯ ಅಲ್ಲಿಗೆ ಮುಗಿಯಿತು. ಗಂಭೀರವಾಗಿ ಮಾತಾಡುವ, ನಗು ತಡೆದುಕೊಳ್ಳಬಲ್ಲ ಹುಡುಗನೋ ಹುಡುಗಿಯೋ ಅಭ್ಯರ್ಥಿ ಆಗಲಿ. ಮಿಮಿಕ್ರಿಯವನನ್ನು ಜೈಕಾರಕ್ಕೆ ಹಾಕಿ. ಜೈಕಾರದವನ ಕೆಲಸ ಒಂದೇ: ತಪ್ಪು ಜಾಗದಲ್ಲಿ ಕೂಗುವುದು. ಅಭ್ಯರ್ಥಿ "ವಿರೋಧಿಗಳು ನನ್ನನ್ನ ಭ್ರಷ್ಟ ಅಂತಾರೆ" ಎಂದು ಉಸಿರು ತೆಗೆದುಕೊಂಡ ತಕ್ಷಣ "ಜೈ!" ಬೀಳಬೇಕು. ಅರ್ಧ ಸೆಕೆಂಡು ತಡವಾದರೂ ನಗು ಬರುವುದಿಲ್ಲ. ಹೀಗೆ ಮೂರು ಸಲ ಮಾತ್ರ. ನಾಲ್ಕನೆಯದಕ್ಕೆ ಜನ ಮೊದಲೇ ಕೂಗಿಬಿಡುತ್ತಾರೆ.

ಪಾತ್ರಕ್ಕೆ ಹೆಸರಿಡುವಾಗ ಗೌಡ, ಶೆಟ್ಟಿ, ರಾವ್ ಮುಂತಾದ ಬಾಲ ಬೇಡ. ನಮ್ಮ ಕಡೆ ಹೆಸರಿನ ಬಾಲ ಕೇಳಿದೊಡನೆ ಜನ ಲೆಕ್ಕ ಶುರು ಮಾಡುತ್ತಾರೆ, ಆಮೇಲೆ ನೀವೇನು ಹೇಳಿದರೂ ಜಾತಿಗೆ ಹೇಳಿದ ಹಾಗೆ. 'ಆಶ್ವಾಸನೆ ಅಣ್ಣಯ್ಯ' ಥರದ್ದು ಸಾಕು. ಇಟ್ಟ ಹೆಸರು ಆ ಸಲದ ಅಭ್ಯರ್ಥಿಗಳ ಪಟ್ಟಿಯಲ್ಲಿ ಇಲ್ಲವೆಂದು ಒಮ್ಮೆ ನೋಡಿಬಿಡಿ. ಪಕ್ಷೇತರರ ಪಟ್ಟಿ ಉದ್ದ ಇರುತ್ತದೆ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಜೊತೆಗೆ ಇನ್ನೂ ಮೂವರು ಸುಮಲತಾ ನಾಮಪತ್ರ ಹಾಕಿದ್ದ ಊರಿದು, ಇಲ್ಲಿ ಯಾವ ಹೆಸರೂ ಖಾಲಿ ಇದೆ ಅನ್ನುವ ಹಾಗಿಲ್ಲ. ಚಿಹ್ನೆಗೂ ಇದೇ ಮಾತು. ಪ್ರೆಷರ್ ಕುಕ್ಕರ್, ಚಪ್ಪಲಿ, ಬೆಂಡೆಕಾಯಿ, ಹಸಿಮೆಣಸಿನಕಾಯಿ ಎಲ್ಲ ಆಯೋಗದ ಮುಕ್ತ ಚಿಹ್ನೆಗಳ ಪಟ್ಟಿಯಲ್ಲಿ ಬಂದು ಹೋಗಿವೆ, ತಮಾಷೆಗೆ ಅಂತ ಇಟ್ಟರೆ ಯಾರದ್ದೋ ನಿಜವಾದ ಗುರುತಾಗಿಬಿಡಬಹುದು. 'ರಸ್ತೆ ಗುಂಡಿ' ಇಟ್ಟುಕೊಳ್ಳಿ. ಬಿಳಿ ಹಾಳೆ ಮೇಲೆ ಕಪ್ಪು ವೃತ್ತ ಬರೆದರೆ ಸಾಕು, ಕಲಾವಿದ ಬೇಡ. ಪಕ್ಷಕ್ಕೆ 'ಅಖಿಲ ಕರ್ನಾಟಕ ನೋಡೋಣ-ಮಾಡೋಣ ಪಕ್ಷ'. ಬಂಡಾಯಗಾರನ ಬೋರ್ಡಿನಲ್ಲಿ ಅದೇ ಹೆಸರು, ಮುಂದೆ 'ಮೂಲ' ಅಂತ ಸೇರಿಸಿ.

ನಗು ಎಲ್ಲಿ ಸಿಗುತ್ತದೆ

ಅಫಿಡವಿಟ್‌ನಲ್ಲಿ. ಪ್ರತಿ ಅಭ್ಯರ್ಥಿ ನಾಮಪತ್ರದ ಜೊತೆ ಫಾರಂ 26ರಲ್ಲಿ ಪ್ರಮಾಣಪತ್ರ ಕೊಡಬೇಕು, ಅದು ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದಾದ ದಾಖಲೆ. ಹತ್ತಾರು ಪುಟ ಇರುತ್ತದೆ. ಮೊದಲು ಕೊನೆಯ 'ಭಾಗ ಬಿ' ಓದಿ, ಅದು ಇಡೀ ದಾಖಲೆಯ ಸಾರಾಂಶ. ಆಮೇಲೆ ಮುಂದಕ್ಕೆ ಹೋಗಿ ಐದು ವರ್ಷದ ಆದಾಯ ತೆರಿಗೆ ವಿವರ, ಕೈಯಲ್ಲಿರುವ ನಗದು, ಗ್ರಾಂ ಲೆಕ್ಕದಲ್ಲಿ ಬಂಗಾರ, ವಾಹನ, ಜಮೀನು, ಸಾಲ, ಬಾಕಿ ಇರುವ ಮೊಕದ್ದಮೆ ನೋಡಿ. ಅದೇ ಅಭ್ಯರ್ಥಿ ಹಿಂದಿನ ಚುನಾವಣೆಯಲ್ಲಿ ಕೊಟ್ಟದ್ದು ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಡಿ. ಈ ಕೆಲಸಕ್ಕೆ ಇಬ್ಬರು ಕೂತರೆ ಒಂದು ಸಂಜೆ ಸಾಕು. ಕಾಮರ್ಸ್ ಹುಡುಗರು ಇದ್ದರೆ ಇನ್ನೂ ಬೇಗ.

ಆದರೆ ಒಬ್ಬರದ್ದನ್ನೇ ಎತ್ತಿಕೊಂಡು ಹೆಸರು ಹೇಳಿ ಓದಬೇಡಿ. ಎಲ್ಲ ಪ್ರಮುಖ ಅಭ್ಯರ್ಥಿಗಳದ್ದೂ ತೆಗೆದು, ಎಲ್ಲರಲ್ಲೂ ಬರುವ ಚಾಳಿ ಯಾವುದೆಂದು ಹುಡುಕಿ, ಅದನ್ನು ಅಣ್ಣಯ್ಯನ ಮೈಮೇಲೆ ಹೊದಿಸಿ. ಹೆಂಡತಿಗೆ ತಾನೇ ಸಾಲ ಕೊಟ್ಟಿರುವುದು, ಉದ್ಯೋಗದ ಕಾಲಂನಲ್ಲಿ 'ಕೃಷಿ' ಅಂತಿರುವುದು, ಸ್ವಂತ ಕಾರು ಇಲ್ಲದಿರುವುದು. "ನನ್ನತ್ರ ಕಾರಿಲ್ಲ" ಅಂತ ಅಣ್ಣಯ್ಯ ಕಣ್ಣೀರು ಹಾಕುವಾಗ ಹಿಂದೆ ಜೈಕಾರದವನು ಬಾಯಲ್ಲೇ ಹನ್ನೆರಡು ಕಾರಿನ ಹಾರ್ನ್ ಹೊಡೆಯಲಿ. ಯಾರನ್ನು ಹೇಳಿದರು ಅಂತ ಜನ ಜಗಳ ಆಡಿಕೊಂಡರೆ ನಿಮ್ಮ ಕೆಲಸ ಸರಿಯಾಗಿದೆ ಅಂತ ಅರ್ಥ. ಎಲ್ಲರೂ ಒಂದೇ ಹೆಸರು ಹೇಳಿದರೆ ಇನ್ನೊಂದು ಸಲ ಬರೆಯಿರಿ.

ಲೆಕ್ಕದಿಂದ ನಗು ತೆಗೆಯುವ ಬಗೆ ಒಂದನ್ನು ಬಿಡಿಸಿ ನೋಡೋಣ. ಲೋಕಸಭೆಗೆ ಅಭ್ಯರ್ಥಿಯ ಖರ್ಚಿನ ಮಿತಿ 95 ಲಕ್ಷ ರೂಪಾಯಿ, ವಿಧಾನಸಭೆಗೆ 40 ಲಕ್ಷ. ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಮತದಾರರು 17 ಲಕ್ಷಕ್ಕೂ ಹೆಚ್ಚು. ಭಾಗಿಸಿದರೆ ತಲೆಗೆ ಆರು ರೂಪಾಯಿಯೂ ಬೀಳುವುದಿಲ್ಲ. ಇದನ್ನು ನಿರೂಪಕ "ಅಭ್ಯರ್ಥಿಗಳು ಮಿತಿ ಮೀರಿ ಖರ್ಚು ಮಾಡುತ್ತಾರೆ" ಎಂದರೆ ಅದು ಪ್ರಬಂಧ, ಯಾರೂ ನಗುವುದಿಲ್ಲ. ಅಣ್ಣಯ್ಯನೇ ಎದೆ ತಟ್ಟಿಕೊಂಡು "ನಾನು ಕಾನೂನು ಮೀರೋನಲ್ಲ, ತಲೆಗೆ ಐದೂವರೆ ರೂಪಾಯಿ ಮೇಲೆ ಒಂದು ಪೈಸೆ ಖರ್ಚು ಮಾಡಿಲ್ಲ" ಅನ್ನಲಿ. ಎರಡು ಸೆಕೆಂಡ್ ಬಿಡಿ. ಅಜ್ಜಿ ಮುಂದಿನ ಸಾಲಿನಿಂದ ಎದ್ದು: "ಐದೂವರೆ ರೂಪಾಯ್ಗೆ ಅರ್ಧ ಟೀನೂ ಬರಾಕಿಲ್ಲ ಕನಪ್ಪ, ನೆನ್ನೆ ಬಾಡೂಟ ಎಲ್ಲಿಂದ ತಂದೆ?" ಅಭ್ಯರ್ಥಿ ತಡವರಿಸಿ "ಅದು... ನಮ್ ಮಾವನ ಮನೆ ದೇವ್ರು" ಅಂದರೆ ಸಭೆ ನಿಮ್ಮ ಕೈಲಿ. ಅಂಕಿ ಅಭ್ಯರ್ಥಿಯ ಬಾಯಲ್ಲಿ, ಅನುಭವ ಅಜ್ಜಿಯ ಬಾಯಲ್ಲಿ, ನೆಪ ಮತ್ತೆ ಅಭ್ಯರ್ಥಿಯ ಬಾಯಲ್ಲಿ: ಈ ಮೂರು ಪೆಟ್ಟಿನ ಅಳತೆ ತಪ್ಪಬಾರದು. ಜಿಲ್ಲಾ ಚುನಾವಣಾಧಿಕಾರಿಗಳು ಟೀ, ತಿಂಡಿ, ಕುರ್ಚಿ, ಶಾಮಿಯಾನಕ್ಕೆಲ್ಲ ದರ ನಿಗದಿ ಮಾಡಿ ಪಟ್ಟಿ ಹೊರಡಿಸುತ್ತಾರೆ. ಅದು ಸಿಕ್ಕರೆ ಒಂದಕ್ಷರ ಬದಲಾಯಿಸದೆ ವರದಿಗಾರ್ತಿ ಬ್ರೇಕಿಂಗ್ ನ್ಯೂಸ್ ದನಿಯಲ್ಲಿ ಓದಲಿ. ನೀವು ಬರೆದ ಯಾವ ಜೋಕಿಗಿಂತಲೂ ಅದಕ್ಕೆ ಹೆಚ್ಚು ನಗು ಬರುತ್ತದೆ.

ಭೂಗೋಳವನ್ನೂ ಬಳಸಿ. ಕೆ.ಆರ್. ನಗರ ಇರುವುದು ಮೈಸೂರು ಜಿಲ್ಲೆಯಲ್ಲಿ, ಓಟು ಮಂಡ್ಯ ಲೋಕಸಭೆಗೆ. ಮೈಸೂರು ಲೋಕಸಭೆಗೆ ಕೊಡಗಿನ ಮಡಿಕೇರಿ, ವಿರಾಜಪೇಟೆ ಸೇರಿವೆ. ಅಣ್ಣಯ್ಯ ಕೆ.ಆರ್. ನಗರದಲ್ಲಿ ನಿಂತು "ಮಂಡ್ಯ ಜಿಲ್ಲೆಯ ನನ್ನ ಬಂಧುಗಳೇ" ಅನ್ನುವುದು, ವಿರಾಜಪೇಟೆಯಲ್ಲಿ ಕಬ್ಬಿನ ಬಾಕಿ ಕೊಡಿಸುತ್ತೇನೆ ಅನ್ನುವುದು, ಮಂಡ್ಯಕ್ಕೆ ಬಂದು ಕಾಫಿಗೆ ಬೆಂಬಲ ಬೆಲೆ ಘೋಷಿಸುವುದು, ಹೀಗೆ ಭಾಷಣದ ಚೀಟಿ ಅದಲುಬದಲಾದ ಒಂದು ನಿಮಿಷದ ಪ್ರಸಂಗ ಕಟ್ಟಬಹುದು.

ಹಳೇ ಮೀಮ್ ಬೇಡ. ಮಂಡ್ಯದ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿ ಮೇಲಿನ "ನಿಖಿಲ್ ಎಲ್ಲಿದ್ದೀಯಪ್ಪಾ" 2019ರಲ್ಲಿ ಮಂಡ್ಯ ದಾಟಿ ಊರೂರು ಸುತ್ತಿದ್ದಕ್ಕೆ ಕಾರಣ ಇತ್ತು: ಎರಡೇ ಪದ, ಬೈಗುಳ ಇಲ್ಲ, ಎಲ್ಲಿ ಬೇಕಾದರೂ ಹಾಕಬಹುದು, ಕ್ಲಾಸಿನಲ್ಲಿ ಹಾಜರಿ ಕೂಗುವಾಗಲೂ. ಆ ಗುಣ ಕಲಿಯಿರಿ, ಆ ಮಾತನ್ನೇ ಕದಿಯಬೇಡಿ. ಈಗ ಅದನ್ನು ಹೇಳಿದರೆ ಮೊದಲ ವರ್ಷದವರು "ಏನಣ್ಣ ಅದು?" ಅನ್ನುತ್ತಾರೆ.

ಇನ್ನು ಗೇಲಿಯಲ್ಲಿ ಯಾರನ್ನೂ ಬಿಡಬಾರದು, ಅದರಲ್ಲಿ ನೀವೂ ಸೇರಿದ್ದೀರಿ. ಐನೂರು ರೂಪಾಯಿಗೆ, ಒಂದು ಟೀ ಶರ್ಟಿಗೆ, ಒಂದು ಟ್ರಿಪ್ಪಿಗೆ ಬೈಕ್ ರ‍್ಯಾಲಿಗೆ ಹೋಗುವವರು ಯಾವ ಹಾಸ್ಟೆಲಿನವರು? ಟಿಕೆಟ್ ತಪ್ಪಿದ ಬಂಡಾಯಗಾರನ ಹಿಂದೆ ಧ್ವಜ ಹಿಡಿದು ಬರುವ ಹುಡುಗ, ಹತ್ತು ನಿಮಿಷ ಬಿಟ್ಟು ಅಣ್ಣಯ್ಯನ ಕಡೆಗೂ ಅದೇ ಹುಡುಗ, ಬೇರೆ ಶಾಲು. ಮುಂದಿನ ಸಾಲಿನಲ್ಲಿ ಒಂದಿಬ್ಬರು ತಲೆ ತಗ್ಗಿಸಿದರೆ ಗುರಿ ಸರಿ ಬಿದ್ದಿದೆ.

ದೇಹ, ಬಣ್ಣ, ಉಚ್ಚಾರಣೆ, ಮನೆ ಹೆಣ್ಣುಮಕ್ಕಳು, ಕಾಯಿಲೆ ಇವುಗಳ ಮೇಲೆ ಗೇಲಿ ಬೇಡವೆಂದರೆ ಒಳ್ಳೆಯತನಕ್ಕೆ ಮಾತ್ರ ಅಲ್ಲ. ಅದು ಸೋಮಾರಿ ನಗು, ಯಾವ ಅಭ್ಯರ್ಥಿಗೂ ಅಂಟುತ್ತದೆ, ಯಾವ ಚುನಾವಣೆಗೂ ಸಲ್ಲುತ್ತದೆ. ಅದಲ್ಲದೆ ಅಭ್ಯರ್ಥಿಯ ವೈಯಕ್ತಿಕ ನಡತೆ ಬಗ್ಗೆ ಸುಳ್ಳು ಸಂಗತಿಯನ್ನು ನಿಜವೆಂಬಂತೆ ಹೇಳಿ ಫಲಿತಾಂಶದ ಮೇಲೆ ಪರಿಣಾಮ ಬೀರಲು ಹೊರಟರೆ ಭಾರತೀಯ ನ್ಯಾಯ ಸಂಹಿತೆಯ 175ನೇ ಸೆಕ್ಷನ್ನಿನಲ್ಲಿ ಅಪರಾಧ.

ಅಜ್ಜಿ

ಅಜ್ಜಿ ಪಾತ್ರವನ್ನು ಹುಡುಗನಿಗೆ ಸೀರೆ ಉಡಿಸಿ ಮಾಡಿಸಿದರೆ ಸೀರೆಗೇ ನಗುತ್ತಾರೆ, ಮಾತು ಯಾರಿಗೂ ಕೇಳಿಸುವುದಿಲ್ಲ. ಮದ್ದೂರು, ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹುಡುಗಿಯೊಬ್ಬಳು ತನ್ನ ಅಜ್ಜಿ ಮಾತಾಡುವ ಹಾಗೇ ಮಾತಾಡಲಿ. ಹೆಗಲ ಮೇಲೆ ಒಂದು ಟವೆಲ್ಲು, ಸೊಂಟದಲ್ಲಿ ಎಲೆಅಡಿಕೆ ಚೀಲ, ಅಷ್ಟೇ ವೇಷ. ಅವಳ ಸಂಭಾಷಣೆಯನ್ನು ಊರಿನವರಲ್ಲದವರು ಬರೆದರೆ ತಕ್ಷಣ ಗೊತ್ತಾಗುತ್ತದೆ: 'ಕಣ್ಲಾ', 'ಬುಡ್ಲಾ' ಎಲ್ಲ ಮಾತಿಗೂ ಅಂಟಿಸಿರುತ್ತಾರೆ. ಅಜ್ಜಿ ಓಟು ಕೇಳಲು ಬಂದವನನ್ನು 'ಲಾ' ಅನ್ನುವುದಿಲ್ಲ, 'ಅಪ್ಪ', 'ಮಗ' ಅನ್ನುತ್ತಾಳೆ. ಆ ಮರ್ಯಾದೆಯೇ ಚುಚ್ಚುವುದು. ಅಣ್ಣಯ್ಯ "ನಾನು ನಿಮ್ ಮನೆ ಮಗ ಅವ್ವಾ" ಎಂದಾಗ, "ಮನೆ ಮಗ ಅಂತೀಯ, ಐದ್ ವರ್ಸದಿಂದ ಉಣ್ಣಕ್ಕೇ ಬರ್ನಿಲ್ವಲ್ಲಪ್ಪ" ಅನ್ನುವುದು ಮೆಲ್ಲಗೆ, ನಿಜವಾದ ಕಾಳಜಿಯಿಂದ ಬರಬೇಕು. ಕಿರುಚಿದರೆ ಕೆಟ್ಟಿತು.

ಸೇಬಿನ ಹಾರ

ಕ್ರೇನಿನಲ್ಲಿ ಸೇಬಿನ ಹಾರ ಇಳಿಸದೆ ಮಂಡ್ಯದ ಪ್ರಚಾರ ಸಭೆ ಪೂರ್ತಿ ಆಗದು, ನಿಮ್ಮದೂ ಅಷ್ಟೇ. ಹಳೇ ದಿನಪತ್ರಿಕೆಯ ಬಿಡಿಸಿದ ಹಾಳೆ ಒಂದನ್ನು ಬಿಗಿಯಾಗಿ ಉಂಡೆ ಕಟ್ಟಿದರೆ ಸುಮಾರು 8 ಸೆಂಟಿಮೀಟರ್ ಆಗುತ್ತದೆ. ಇಂಥ 36 ಉಂಡೆ ಬೇಕು. ಪೋಣಿಸಿ ಗಂಟು ಹಾಕಿದರೆ ಕೊರಳಿಂದ ಮಂಡಿ ದಾಟಿ ಇಳಿಯುತ್ತದೆ, ತೂಕ ಒಂದು ಕಿಲೋ ಮೀರುವುದಿಲ್ಲ. ಕೆಂಪು ಪೋಸ್ಟರ್ ಕಲರ್ ಬಳಿಯಬೇಡಿ. ಒಣಗಲು ಒಂದು ರಾತ್ರಿ ಬೇಕು, ಒಣಗಿದ ಮೇಲೂ ಬೆವರಿಗೆ ಬಿಟ್ಟುಕೊಂಡು ಅಭ್ಯರ್ಥಿಯ ಬಿಳಿ ಶರ್ಟು ಹಾಳಾಗುತ್ತದೆ, ಆ ಶರ್ಟು ಸಾಮಾನ್ಯವಾಗಿ ಯಾರದ್ದೋ ಅಪ್ಪನದು. ಬದಲಿಗೆ ಕೆಂಪು ಬಣ್ಣದ ಕಾಗದ ಸುತ್ತಿ, ಬುಡದಲ್ಲಿ ಒಂದು ಹನಿ ಗೋಂದು ಹಾಕಿ. ಪೋಣಿಸಲು ಗೋಣಿ ಹೊಲೆಯುವ ದಬ್ಬಣ, ಸೆಣಬಿನ ಹುರಿ. ಹೂ ಕಟ್ಟುವ ದಾರ ಕಾಗದವನ್ನು ಕೊಯ್ದು ಹಾಕುತ್ತದೆ. ಐದೈದು ಉಂಡೆಗೆ ಒಂದು ಗಂಟು ಹಾಕಿದರೆ, ಎಲ್ಲಾದರೂ ಹರಿದರೂ ಪೂರ್ತಿ ಹಾರ ಚೆಲ್ಲಾಪಿಲ್ಲಿ ಆಗುವುದಿಲ್ಲ.

ಕ್ರೇನಿಗೆ ಬಿದಿರು ಗಳ ಹಿಡಿದು ಇಬ್ಬರು ನಿಲ್ಲುವುದಕ್ಕಿಂತ ಕಾಲೇಜಿನ ಮೊದಲ ಮಹಡಿಯ ಕಾರಿಡಾರಿನಿಂದ ಹಗ್ಗದಲ್ಲಿ ಇಳಿಸುವುದು ಒಳ್ಳೆಯದು. ಹಾರವನ್ನು ಹಗ್ಗಕ್ಕೆ ಎರಡು ಕಡೆ ಕಟ್ಟಬೇಕು. ಒಂದೇ ಕಡೆ ಕಟ್ಟಿದರೆ ಉದ್ದಕ್ಕೆ ಜೋತುಬಿದ್ದು ತಲೆ ತೂರುವಷ್ಟು ಬಾಯಿ ತೆರೆಯುವುದಿಲ್ಲ, ಮೈಸೂರು ಪೇಟಕ್ಕೆ ಸಿಕ್ಕಿಕೊಳ್ಳುತ್ತದೆ. ಪೇಟ ಬಾಡಿಗೆಯದಾಗಿದ್ದರೆ ಅದರ ಜರಿ ಕಿತ್ತು ಬರುತ್ತದೆ, ಠೇವಣಿ ಹೋಗುವುದು ಅಲ್ಲಿ ಮೊದಲು. ಹಾರ ಬೇಕೆಂದೇ ತಪ್ಪಿ ಪಕ್ಕದ ಬಂಡಾಯಗಾರನ ಕೊರಳಿಗೆ ಬೀಳಲಿ, ಆಮೇಲಿನ ಎಳೆದಾಟಕ್ಕೆ ಮಾತೇ ಬೇಡ.

ಪ್ರತಿ ಉಂಡೆಯೊಳಗೆ ಕೈಬರಹದ ಚೀಟಿ ಇಡಿ, ಒಂದೊಂದರಲ್ಲಿ ಒಂದೊಂದು ಭರವಸೆ. ನಿಜವಾದ ಸಭೆಯಲ್ಲಿ ಜನ ಸೇಬಿಗೆ ಮುಗಿಬೀಳುವ ಹಾಗೆ ಇಲ್ಲೂ ಕಿತ್ತುಕೊಳ್ಳಲಿ. "ಪ್ರತಿ ಹಾಸ್ಟೆಲ್ ಸಾಂಬಾರಿಗೂ ಬೇಳೆ ಭಾಗ್ಯ", "ಕೆಆರ್‌ಎಸ್ ತುಂಬಿದ ವರ್ಷ ತುಂಬಿಸಿದ್ದು ನಾನು, ತುಂಬದ ವರ್ಷ ವಿರೋಧ ಪಕ್ಷ", "ಬ್ಯಾಕ್‌ಲಾಗ್ ಮನ್ನಾ". ಮೂವತ್ತಾರೂ ನಗಿಸಬೇಕಾಗಿಲ್ಲ, ಹತ್ತು ಖಾಲಿ ಇರಲಿ. ಖಾಲಿ ಚೀಟಿ ಸಿಕ್ಕವರು ಇನ್ನೂ ಜೋರಾಗಿ ನಗುತ್ತಾರೆ.

ಕೈಬರಹ ಅಂದದ್ದಕ್ಕೆ ಕಾರಣ ಇದೆ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಅಭ್ಯರ್ಥಿಗೆ ಅನುಕೂಲವೋ ಪ್ರತಿಕೂಲವೋ ಆಗುವ ಕರಪತ್ರ, ಪೋಸ್ಟರ್ ಮುದ್ರಿಸಿದರೆ ಮುದ್ರಕ, ಪ್ರಕಾಶಕರ ಹೆಸರು, ವಿಳಾಸ ಅದರ ಮುಖಪುಟದಲ್ಲೇ ಇರಬೇಕು. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೈಯಲ್ಲಿ ನಕಲು ಮಾಡಿದ್ದನ್ನು ಬಿಟ್ಟು ಪ್ರತಿ ಹೆಚ್ಚಿಸುವ ಎಲ್ಲ ವಿಧಾನವೂ ಕಾಯ್ದೆ ಕಣ್ಣಲ್ಲಿ ಮುದ್ರಣವೇ. ಅಂದರೆ ಜೆರಾಕ್ಸ್ ಕೂಡ. ಕಲ್ಪಿತ ಅಣ್ಣಯ್ಯನಿಗೆ ಇದು ತಾಗಬೇಕಾಗಿಲ್ಲ, ಆದರೆ ಗೇಟಿನಲ್ಲಿ ನಿಂತ ಪೇದೆಗೆ ಕಲ್ಪನೆ, ವಾಸ್ತವದ ಪಾಠ ಮಾಡುವುದಕ್ಕಿಂತ ಪೆನ್ನು ಹಿಡಿಯುವುದು ಸುಲಭ.

ಓಟು ಮತ್ತು ಶಾಯಿ

ಕೊನೆಯ ಐದು ನಿಮಿಷ ಅಣಕು ಮತದಾನ. ಶೂ ಡಬ್ಬಿ ಒಂದಕ್ಕೆ ನೀಲಿ ಬಾಟಲ್ ಮುಚ್ಚಳಗಳನ್ನು ಗುಂಡಿಯಾಗಿ ಅಂಟಿಸಿ: ಅಣ್ಣಯ್ಯ, ಬಂಡಾಯಗಾರ, ಅಜ್ಜಿ, ನೋಟಾ. ಬೀಪ್ ಹೊಡೆಯಲು ಜೈಕಾರದವನು ಇದ್ದಾನೆ. ಯಾರಿಗೆ ಓಟು ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿ ನಿಜದಲ್ಲಿ ಏಳು ಸೆಕೆಂಡು ಕಾಣುತ್ತದೆ. ಇಲ್ಲೂ ಡಬ್ಬಿಯ ಕಿಂಡಿಯಲ್ಲಿ ಚೀಟಿ ತೋರಿಸಿ ಸಭೆಯಿಂದ ಏಳರವರೆಗೆ ಎಣಿಸಿ, ಎಂಟಕ್ಕೆ ಎಳೆದುಕೊಳ್ಳಿ. "ಅಣ್ಣಯ್ಯನ ಭರವಸೆಗಿಂತ ಜಾಸ್ತಿ ಹೊತ್ತು ಇತ್ತು" ಅನ್ನುವುದು ನಿರೂಪಕನ ಪಾಲು. ಠೇವಣಿ ಐದು ರೂಪಾಯಿ ಇಡಿಸಿ, ನಿಜದ ನಿಯಮವನ್ನೇ ಹಾಕಿ: ಸಿಂಧುವಾದ ಮತಗಳಲ್ಲಿ ಆರನೇ ಒಂದಕ್ಕಿಂತ ಹೆಚ್ಚು ಬರಬೇಕು. 120 ಬಿದ್ದಿದ್ದರೆ 20 ಬಂದರೂ ಠೇವಣಿ ಹೋಯಿತು, 21 ಬೇಕು. ನೋಟಾ ಈ ಲೆಕ್ಕಕ್ಕೆ ಸೇರುವುದಿಲ್ಲ, ಎಣಿಸುವ ಮೊದಲೇ ಬೇರೆ ಮಾಡಿ. ನಿಜವಾದ ಅಭ್ಯರ್ಥಿಗಳ ಹೆಸರಿಟ್ಟು ಮತ ಹಾಕಿಸಿ 'ಸಮೀಕ್ಷೆ' ಅಂತ ಹಂಚಲು ಹೋಗಬೇಡಿ, ಮತಗಟ್ಟೆ ಸಮೀಕ್ಷೆ ತಡೆಯಲು ಅದೇ ಕಾಯ್ದೆಯ 126ಎ ಸೆಕ್ಷನ್ ಬೇರೆಯೇ ಇದೆ.

ಅಳಿಸಲಾಗದ ಶಾಯಿ ನಮ್ಮೂರಿನದೇ. 1937ರಲ್ಲಿ ಶುರುವಾದ ಮೈಸೂರಿನ ಬಣ್ಣ, ಅರಗಿನ ಕಾರ್ಖಾನೆ 1962ರಿಂದ ಇಡೀ ದೇಶಕ್ಕೆ ಅದನ್ನು ಕೊಡುತ್ತಿದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್ ಅಂತ ಕೇಳಿ ಕೆಮಿಸ್ಟ್ರಿ ಲ್ಯಾಬಿಗೆ ಓಡುವ ಬುದ್ಧಿವಂತರು ಪ್ರತಿ ಬ್ಯಾಚಿನಲ್ಲೂ ಒಬ್ಬರಿರುತ್ತಾರೆ. ಬೇಡ. ಲ್ಯಾಬಿನ ದ್ರಾವಣ ಗಟ್ಟಿಯಿದ್ದರೆ ಚರ್ಮ ಸುಡುತ್ತದೆ, ಉಗುರಿನ ಕಲೆ ವಾರಗಟ್ಟಲೆ ಹೋಗುವುದಿಲ್ಲ. ಮತದಾನದ ದಿನ ಮತಗಟ್ಟೆಯಲ್ಲಿ ಎಡ ತೋರುಬೆರಳು ನೋಡುತ್ತಾರೆ, ಮೊದಲ ಓಟು ಹಾಕಲು ಹೋದವರು ಆಗಲೇ ಗುರುತಾದ ಬೆರಳು ಹಿಡಿದು ವಿವರಣೆ ಕೊಡುತ್ತಾ ನಿಲ್ಲಬೇಕಾಗುತ್ತದೆ. ಬೀಟ್‌ರೂಟ್ ತುರಿದು ಹಿಂಡಿದ ರಸ ಸಾಕು, ಊಟಕ್ಕೆ ಕೈ ತೊಳೆದರೆ ಹೋಗುತ್ತದೆ. ಹಚ್ಚುವುದೂ ಬಲಗೈಗೆ.

ಅನುಮತಿ, ಮೈಕು, ಮಳೆ

ಪ್ರಾಂಶುಪಾಲರಿಗೆ ಕೊಡುವ ಅರ್ಜಿಯಲ್ಲಿ 'ಅಣಕು' ಪದ ಬೇಡ, 'ಮತದಾರರ ಜಾಗೃತಿ ಪ್ರಹಸನ' ಅನ್ನಿ. ಸುಳ್ಳೇನಲ್ಲ. ಚುನಾವಣಾ ಸಾಕ್ಷರತಾ ಕ್ಲಬ್ಬಿನ ಹೆಸರಿನಲ್ಲಿ ಮಾಡಿದರೆ ಜಾಗ ಬೇಗ ಸಿಗುತ್ತದೆ, ಆದರೆ ಸ್ಕ್ರಿಪ್ಟನ್ನು ಮೊದಲೇ ಕೇಳುತ್ತಾರೆ, ಅಜ್ಜಿಯ ಬಾಡೂಟದ ಮಾತಿಗೆ ಕತ್ತರಿ ಬೀಳುತ್ತದೆ. ಸ್ಕ್ರಿಪ್ಟ್ ತೋರಿಸಲೇಬೇಕಾದರೆ ಎರಡು ಪುಟ ಹೆಚ್ಚಿಗೆ ಬರೆದು, ತೀರಾ ಖಾರವಾದದ್ದನ್ನು ಅದರಲ್ಲಿ ಹಾಕಿ. ಕತ್ತರಿ ಅಲ್ಲಿ ಆಡಿ ಸುಸ್ತಾಗುತ್ತದೆ.

ಮೈಕು ಬಿಡಿ. ವಿದ್ಯಾಸಂಸ್ಥೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅದಕ್ಕೆ ಬೇರೆ ಅನುಮತಿ ಅಲೆದಾಟ. ಮೂರು ಕಡೆ ಕಟ್ಟಡ ಇರುವ ಅಂಗಳದಲ್ಲಿ ಇನ್ನೂರು ಜನಕ್ಕೆ ಬರಿ ಗಂಟಲು ಕೇಳುತ್ತದೆ, ಬೇಕಿದ್ದರೆ ರಟ್ಟಿನ ಕಹಳೆ ಸುತ್ತಿಕೊಳ್ಳಿ. ಏಪ್ರಿಲ್, ಮೇ ಆದರೆ ಬೆಳಗಿನ ಬಿಡುವಿನಲ್ಲೇ ಮುಗಿಸಿ. ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿ ಸುರಿದರೆ ಕಾಗದದ ಸೇಬು ಒಂದೊಂದೂ ಅರ್ಧ ಕಿಲೋ ಆಗುತ್ತದೆ.

ನಿಜವಾದ ಪಕ್ಷದ ಶಾಲು, ಬಾವುಟ ಒಂದೂ ಅಂಗಳಕ್ಕೆ ಬರಬಾರದು, ಪ್ರೇಕ್ಷಕರ ಕೊರಳಲ್ಲೂ. ಯಾರಾದರೂ ನಡುವೆ ಎದ್ದು ತಮ್ಮ ನಾಯಕರಿಗೆ ಜೈಕಾರ ಹಾಕಿದರೆ ವಾದಕ್ಕಿಳಿಯಬೇಡಿ. ಚುನಾವಣಾ ಸಿಬ್ಬಂದಿ ಪಾತ್ರದವನು ಕ್ಯಾಮೆರಾ ಅವರತ್ತ ತಿರುಗಿಸಿ "ಹೆಸರು, ಪೆಂಡಾಲ್ ಖರ್ಚು ಎಷ್ಟು ಬರ್ಕೊಳ್ಲಿ ಸಾರ್?" ಅಂದರೆ ಮುಗಿಯಿತು. ಆ ಪಾತ್ರ ಇರುವುದೇ ಅದಕ್ಕೆ. ವಿಡಿಯೋ ಹಾಕುವುದಾದರೆ ಪೂರ್ತಿ ಇಪ್ಪತ್ತು ನಿಮಿಷದ್ದನ್ನೇ ಹಾಕಿ. ಹದಿನೈದು ಸೆಕೆಂಡಿನ ತುಣುಕಿನಲ್ಲಿ ಅಣ್ಣಯ್ಯ ಯಾವ ಪಕ್ಷದವನು ಎಂದು ನೋಡಿದವರೇ ತೀರ್ಮಾನಿಸುತ್ತಾರೆ. ಎಐ ಬಳಸಿ ನಾಯಕರ ದನಿ ತೆಗೆಯುವ ಆಸೆ ಬಿಟ್ಟುಬಿಡಿ. 2024ರ ಮೇ ತಿಂಗಳಲ್ಲಿ ಆಯೋಗ ಇಂಥ ನಕಲಿ ತುಣುಕು ಗಮನಕ್ಕೆ ಬಂದ ಮೂರು ಗಂಟೆಯೊಳಗೆ ತೆಗೆಯಬೇಕೆಂದು ಪಕ್ಷಗಳಿಗೇ ಹೇಳಿತ್ತು.

ಮುಗಿಸುವುದು ಹೀಗೆ. ಫಲಿತಾಂಶ ಓದಿ, ಠೇವಣಿಯ ಐದು ರೂಪಾಯಿ ಅಜ್ಜಿಯ ಎಲೆಅಡಿಕೆ ಚೀಲಕ್ಕೆ ಹಾಕಿ. ಅಣ್ಣಯ್ಯ ಸೋತರೂ ಗೆದ್ದರೂ ಕೈ ಮುಗಿದುಕೊಂಡು ಮತ್ತೆ ಅಜ್ಜಿಯ ಮುಂದೆ ಬಂದು ನಿಲ್ಲಲಿ. ಅಜ್ಜಿ ಏನೂ ಮಾತಾಡದೆ ಸೊಂಟದಿಂದ ಸೀಮೆಸುಣ್ಣ ತೆಗೆದು, ಹಿಂದಿನ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ 'ನಾಳೆ ಬಾ' ಅಂತ ಬರೆದು ಒಳಗೆ ಹೋಗಿ ಚಿಲಕ ಹಾಕಿಕೊಳ್ಳಲಿ. ಚಿಲಕದ ಸದ್ದು ಹೊರಗೆ ಕೇಳುವ ಬಾಗಿಲನ್ನೇ ಆರಿಸಿಕೊಳ್ಳಿ, ಹಿಂದಿನ ದಿನವೇ ಎಳೆದು ನೋಡಿ.